ಅರವತ್ತು ಕಿಲೋ ಒಳಗೆ

ಆಷಾಢ. ಮದುವಿ ಇಲ್ಲ, ಮುಂಜಿವಿ ಇಲ್ಲ.
ಆಳಂದ ರಸ್ತೆಯ ಕಲ್ಯಾಣ ಮಂಟಪಕ್ಕೆ
ಈ ತಿಂಗಳು ಮೈ ಕಟ್ಟಿದವರೇ ಗಿರಾಕಿ.
ವಧೂವರರ ಕೆಂಪು ಸೋಫಾ ಮೂಲೆಗೆ ತಿರುಗಿ ಕೂತಿದೆ,
ಮುನಿಸಿಕೊಂಡ ಬೀಗರ ಹಾಗೆ.
ಅದರ ಬೆನ್ನ ಮೇಲೆ ಏಳು ಟವೆಲ್ಲು.

ನಾನು ಟ್ರೈಪಾಡ್ ಬಿಚ್ಚುತ್ತೇನೆ.
"ಅಕ್ಕಾರ, ಈ ಸಲಾನೂ ನೀವಽ ತೆಗೀತೀರೇನು?"
ಸಂಘದ ಗುಂಡೇರಾವ ಕೇಳುತ್ತಾನೆ, ಮೂರನೇ ವರ್ಷವೂ.
ಹೌದು, ನಾನೇ.
ಅಪ್ಪ ತೀರಿದ ಮೇಲೆ ಸ್ಟುಡಿಯೋದ ಬೀಗದ ಕೈ, ಬಾಕಿಯ ವಹಿ,
ಮತ್ತೆ ಒಂದು ಮಾತು ನನ್ನ ಪಾಲಿಗೆ ಬಂದವು:
ಮುಖಕ್ಕೆ ಎದುರಿನ ಬೆಳಕು, ನೆರಿಗೆಗೆ ಬದಿಯ ಬೆಳಕು.
ಅವನು ಹೇಳಿದ್ದು ರೇಷ್ಮೆ ಸೀರೆಯ ನೆರಿಗೆಗೆ.
ನಾನು ಅದನ್ನು ಬೆನ್ನುಗಳಿಗೆ ಬಳಸುತ್ತೇನೆ.

ಅಡುಗೆ ಕೋಣೆಯಲ್ಲಿ, ಬೋರಲು ಹಾಕಿದ ಹಂಡೆಗಳ ನಡುವೆ,
ಒಬ್ಬರ ಬೆನ್ನಿಗೆ ಒಬ್ಬರು ಕಂದು ಬಣ್ಣ ಬಳಿಯುತ್ತಾರೆ
ರೋಲರಿನಿಂದ, ಗೋಡೆಗೆ ಬಳಿದ ಹಾಗೆ.
ಒಬ್ಬನ ಕಸುಬೇ ಅದು, ಅವನ ಕೈ ಗೆರೆ ಬೀಳಿಸುವುದಿಲ್ಲ.
ನಿನ್ನೆಯಿಂದ ಯಾರೂ ನೀರು ಕುಡಿದಿಲ್ಲ.
ಬೆಲ್ಲದ ಚೂರು ನಾಲಿಗೆಯ ಕೆಳಗಿಟ್ಟು
ಗೋಡೆಗೆ ಕೈ ಕೊಟ್ಟು ದಬ್ಬುತ್ತಾರೆ,
ಮಂಟಪವನ್ನೇ ಎರಡು ಗೇಣು ಸರಿಸುವವರಂತೆ.

ಅರವತ್ತು ಕಿಲೋ ಒಳಗೆ, ನಂಬರು ಹದಿನಾಲ್ಕು:
ಸಾಯಬಣ್ಣ. ಗಂಜಿನಲ್ಲಿ ತೊಗರಿ ಚೀಲ ಹೊರುವವನು.
ಈ ಭುಜ ಜಿಮ್ಮಿನದಲ್ಲ, ಗೋಣಿಯದು.
ಬಲಗಡೆ ಒಂದು ಬೆರಳು ಎತ್ತರ.
"ಸಮ ಇಲ್ಲ" ಎಂದು ತೀರ್ಪುಗಾರರು ಬರೆದುಕೊಳ್ಳುತ್ತಾರೆ.
ನಾನು ಒಂದು ಹೆಜ್ಜೆ ಎಡಕ್ಕೆ ಸರಿದು
ಕ್ಯಾಮೆರಾ ತುಸು ವಾಲಿಸಿ
ಅವನನ್ನು ಸಮ ಮಾಡುತ್ತೇನೆ.
ವೇದಿಕೆಯಲ್ಲಿ ನಾಲ್ಕನೆಯವನಾದ.
ನನ್ನ ಗಾಜಿನಲ್ಲಿ ಬೇರೆ ಲೆಕ್ಕ.

ಶ್ರಾವಣದ ತನಕ ಸ್ಟುಡಿಯೋದ ಗಾಜಿನೊಳಗೆ
ಮದುಮಗಳಂದಿರನ್ನು ಇಳಿಸಿ ಇವರನ್ನು ಏರಿಸುತ್ತೇನೆ.
ವಾರಕ್ಕೊಮ್ಮೆ ಬದಲಿಸಬೇಕು,
ಇಲ್ಲಿನ ಬಿಸಿಲು ಯಾರ ಬಣ್ಣಕ್ಕೂ ಮರ್ಯಾದೆ ಕೊಡುವುದಿಲ್ಲ.
ಶಾಲೆ ಬಿಟ್ಟ ಹುಡುಗರು ಗಾಜಿನಲ್ಲಿ ತಮ್ಮ ತೋಳು ಅಳೆಯುತ್ತಾರೆ.
ಖದೀರ ತನ್ನ ಫೋಟೋದ ಎದುರಿಗೇ ಆಟೋ ನಿಲ್ಲಿಸಿ
ಸವಾರಿಗೆ ಕಾಯುತ್ತಾನೆ. ಯಾರೂ ಗುರುತು ಹಿಡಿಯುವುದಿಲ್ಲ,
ಅಂಗಿ ತೊಟ್ಟಿದ್ದಾನಲ್ಲ.

ಮೊನ್ನೆ ಸಂಜೆ ಒಬ್ಬ ಹೆಣ್ಣುಮಗಳು ಬಂದಳು,
ಸೆರಗಿಗೆ ದಾಲ್ ಮಿಲ್ಲಿನ ಹೊಟ್ಟು ಇನ್ನೂ ಅಂಟಿತ್ತು.
ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ನೋಡಿದಳು.
"ಇಂವ ನಮ್ಮ ಸಾಯಬಣ್ಣ ಹೌದಿಲ್ಲೋ?"
ಹೌದೆಂದೆ. ಹೊಗಳಿಕೆಗೆ ಕಾದೆ.
"ಯವ್ವಾ, ಎಲುವು ಎಣಿಸಬಹುದಲ್ಲ!
ಕೂಸಿದ್ದಾಗ ಜ್ವರ ಬಂದು ಮಲಗಿದ್ನಲ್ಲ,
ಹಿಂಗಽ ಇತ್ತು ಮಾರಿ.
ಮನ್ಯಾಗ ರೊಟ್ಟಿ ಒಲ್ಲೆ ಅಂತಿದ್ದ. ಇದರ ಸಲುವಾಗೇನು?"

ತೋರಿಸಹೊರಟೆ: ಇದು ಎದೆಯ ಸೀಳು, ಇವು ಹೊಟ್ಟೆಯ ಆರು ಕಟ್ಟು.
ಅವಳ ಬೆರಳು ಗಾಜಿನ ಮೇಲೆ
ಮಗನ ಗಲ್ಲದ ಗುಳಿಯಲ್ಲೇ ನಿಂತಿತ್ತು.
ಆ ಗುಳಿಯನ್ನು ಅಷ್ಟು ಆಳ ತೋಡಿದ್ದು ನನ್ನ ಬದಿಯ ದೀಪ.
ಹೇಳಲಿಲ್ಲ.
"ಅಂಗಿ ಹಾಕ್ಕೊಂಡಿದ್ದು ಒಂದರ ಅದೇನ್ರೀ?"

ಹುಡುಕಿದೆ. ಸಾವಿರದ ಇನ್ನೂರರಲ್ಲಿ
ಕೈತಪ್ಪಿ ಬಿದ್ದದ್ದು ಒಂದು:
ಎಲ್ಲ ಮುಗಿದು, ಹಿಂಬಾಗಿಲ ಮೆಟ್ಟಿಲ ಮೇಲೆ,
ಗುಂಡಿ ತಪ್ಪಿಸಿ ಹಾಕಿದ ಅಂಗಿ,
ತಂಬಿಗೆ ಎತ್ತಿ ಗಟಗಟ ಕುಡಿಯುತ್ತಿದ್ದಾನೆ.
ನೀರು ಗದ್ದದಿಂದ ಇಳಿದು ಎದೆಯ ಕಂದು ಬಣ್ಣದಲ್ಲಿ
ಒಂದು ಕಾಲುದಾರಿ ತೊಳೆದಿದೆ.
ಫೋಕಸ್ಸು ಅವನ ಮೇಲಿಲ್ಲ, ಹಿಂದಿನ ಹಂಡೆಯ ಮೇಲಿದೆ.

ಅಪ್ಪ ಇದ್ದಿದ್ದರೆ ಹರಿದು ಹಾಕುತ್ತಿದ್ದ.
ಅವಳು ಸೆರಗಿನ ಗಂಟು ಬಿಚ್ಚಿ
ಇಪ್ಪತ್ತರ ಎರಡು ನೋಟು ಇಟ್ಟು
ಚಿತ್ರವನ್ನು ಬಗಲಲ್ಲಿ ಹಿಡಿದಳು.
"ಇದು ಛಲೋ ಬಂದದ ನೋಡ್ರಿ."

ಗಾಜಿನ ಮೇಲೆ ಅವಳ ಹಣೆಯ ಎಣ್ಣೆ ಗುರುತು ಉಳಿದಿದೆ,
ಹದಿನಾಲ್ಕನೇ ನಂಬರಿನ ಹೊಟ್ಟೆಯ ಹತ್ತಿರ.
ಬೆಳಿಗ್ಗೆ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸುತ್ತೇನೆ.
ಶ್ರಾವಣಕ್ಕೆ ಇನ್ನು ಒಂಬತ್ತು ದಿನ.